ಉಣುಗಿನಿಂದ ಬರುವ ಮೆದುಳು ಜ್ವರ: ಮಕ್ಕಳಲ್ಲಿ ಬೇರೆ, ದೊಡ್ಡವರಲ್ಲಿ ಬೇರೆ

ಆಸ್ಟ್ರಿಯಾ, ಸ್ವೀಡನ್, ದಕ್ಷಿಣ ಜರ್ಮನಿಯ ಕಾಡುಗಳಲ್ಲಿ ಬೇಸಿಗೆ ಬಂತೆಂದರೆ ಉಣುಗಿನ ಕಾಟ. ಕೆಲವು ಉಣುಗುಗಳ ಜೊಲ್ಲಿನಲ್ಲಿ ಮೆದುಳು ಜ್ವರದ ವೈರಸ್ ಇರುತ್ತದೆ. ನಮ್ಮ ಮಲೆನಾಡಿನ ಮಂಗನ ಕಾಯಿಲೆಯ ವೈರಸ್ ಕೂಡ ಇದೇ ಗುಂಪಿನದು. ಕಚ್ಚಿದ ಕೆಲವೇ ನಿಮಿಷಗಳಲ್ಲಿ ವೈರಸ್ ಮೈ ಸೇರಬಹುದು. ಕಾಯಿಸದ ಆಡಿನ ಹಾಲಿನಿಂದಲೂ ಬರುತ್ತದೆ.

ಒಂದೆರಡು ವಾರದಲ್ಲಿ ಜ್ವರ, ಮೈಕೈ ನೋವು. ಆಮೇಲೆ ಇಳಿಯುತ್ತದೆ. ಸುಮಾರು ಒಂದು ವಾರ ಎಲ್ಲ ಸರಿಹೋಯಿತು ಅನ್ನಿಸುತ್ತದೆ. ಕೆಲವರಿಗೆ ಮತ್ತೆ ಜ್ವರ ಏರಿ ಮೆದುಳಿಗೆ ತಟ್ಟುತ್ತದೆ. ವಯಸ್ಸಿನ ವ್ಯತ್ಯಾಸ ಎದ್ದು ಕಾಣುವುದು ಆಗಲೇ.

ಮಕ್ಕಳಲ್ಲಿ ಹೆಚ್ಚಾಗಿ ಮೆದುಳಿನ ಹೊರಪೊರೆ ಮಾತ್ರ ಊದಿಕೊಳ್ಳುತ್ತದೆ. ತಲೆನೋವು, ವಾಂತಿ ಇರುತ್ತದೆ. ದೊಡ್ಡವರಲ್ಲಿ ಮೆದುಳೂ ಊದಿಕೊಳ್ಳುವುದು ಜಾಸ್ತಿ. ಕೈ ನಡುಗುತ್ತದೆ, ನಡಿಗೆ ತಪ್ಪುತ್ತದೆ, ಮಾತು ತಡವರಿಸುತ್ತದೆ. ವಯಸ್ಸಾದಷ್ಟೂ ಬೆನ್ನುಹುರಿಗೆ ಇಳಿಯುವ ಅಪಾಯ ಹೆಚ್ಚು. ಆಗ ಭುಜ, ತೋಳುಗಳ ಬಲ ಹೋಗಿ ಬಾಚಣಿಗೆ ಎತ್ತಿ ತಲೆ ಬಾಚಿಕೊಳ್ಳಲೂ ಆಗದಂತಾಗಬಹುದು. ಯುರೋಪಿನ ಬಗೆಯ ವೈರಸ್‌ನಿಂದ ಮೆದುಳಿಗೆ ತೊಂದರೆಯಾದ ದೊಡ್ಡವರಲ್ಲಿ 100ಕ್ಕೆ 1-2 ಮಂದಿ ಸಾಯುತ್ತಾರೆ. ಮಕ್ಕಳಲ್ಲಿ ಸಾವು ತೀರಾ ಅಪರೂಪ.

ಹಾಗಾದರೆ ಮಕ್ಕಳ ಬಗ್ಗೆ ಚಿಂತೆ ಬೇಡ ಅಲ್ವಾ? ನನಗೆ ಹಾಗನ್ನಿಸುವುದಿಲ್ಲ. ಚಿಕ್ಕವರಲ್ಲಿ ಕುತ್ತಿಗೆ ಬಿಗಿಯದೆ, ಬರೀ ಸುಸ್ತು, ಸಿಡುಕುತನವಾಗಿ ಕಾಣಿಸಿಕೊಂಡಾಗ ಯಾರಿಗೂ ಅನುಮಾನವೇ ಬರುವುದಿಲ್ಲ. ಸ್ವೀಡನ್ನಿನ ವೈದ್ಯರು ಕಾಯಿಲೆ ಬಿದ್ದೆದ್ದ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದರು. ಹಲವರಲ್ಲಿ ತಲೆನೋವು, ದಣಿವು, ನೆನಪಿನ ತೊಂದರೆ ಉಳಿದಿತ್ತು. ದೊಡ್ಡವರಾದರೆ ಕೆಲಸ ಸಾಗುತ್ತಿಲ್ಲವೆಂದು ತಾವೇ ಹೇಳುತ್ತಾರೆ. ಎಂಟು ವರ್ಷದ ಮಗುವಿಗೆ ಅದು ಹೇಳಲು ಬರುವುದಿಲ್ಲ. ಓದಿನಲ್ಲಿ ಹಿಂದೆ ಬಿದ್ದರೆ ಸುಮ್ನೆ ಸೋಮಾರಿ ಅನ್ನಿಸಿಕೊಳ್ಳುತ್ತದೆ. ಹಾಗಾಗಿ ಗುಣವಾದ ಮೇಲೂ ಮನೆಯವರು, ಮೇಷ್ಟ್ರು ಗಮನವಿಡಬೇಕು.

ಕಚ್ಚುವ ಜಾಗವೂ ಬೇರೆ. ದೊಡ್ಡವರಿಗೆ ಹೆಚ್ಚಾಗಿ ಕಾಲು, ಮಕ್ಕಳಿಗೆ ತಲೆ, ಕುತ್ತಿಗೆ. ಆದ್ದರಿಂದ ಕೂದಲು ಬಿಡಿಸಿ, ಕಿವಿಯ ಹಿಂದೆಯೂ ನೋಡಬೇಕು.

ವೈರಸ್ ಕೊಲ್ಲುವ ಔಷಧಿ ಇಲ್ಲ, ಲಸಿಕೆ ಇದೆ. ಆಸ್ಟ್ರಿಯಾ 1981ರಿಂದ ದೇಶದ ತುಂಬ ಹಾಕಿಸಿ ಕಾಯಿಲೆಯನ್ನು ಬಹಳ ತಗ್ಗಿಸಿತು. ಒಂದು ವರ್ಷ ದಾಟಿದ ಮಕ್ಕಳಿಗೆ ಅರ್ಧ ಪ್ರಮಾಣದ ಲಸಿಕೆ ಸಿಗುತ್ತದೆ. ಮ್ಯೂನಿಕ್, ಸ್ಟಾಕ್‌ಹೋಮ್‌ಗಳಲ್ಲಿ ನೆಲೆಸಿರುವ ಕನ್ನಡದ ಮನೆಗಳವರು ಮಕ್ಕಳ ವೈದ್ಯರನ್ನು ಈ ಬಗ್ಗೆ ಕೇಳಲಿ. ಊರಿಂದ ಬಂದು ಜೊತೆಗಿರುವ ಅಜ್ಜ-ಅಜ್ಜಿಯನ್ನೂ ಮರೆಯಬಾರದು. ವಯಸ್ಸಾದವರಲ್ಲಿ ಲಸಿಕೆಯ ಬಲ ಬೇಗ ಇಳಿಯುತ್ತದೆ. ಬೂಸ್ಟರ್ ಉಳಿದವರಿಗೆ ಸಾಮಾನ್ಯವಾಗಿ 5 ವರ್ಷಕ್ಕೊಮ್ಮೆಯಾದರೆ ಅವರಿಗೆ 3 ವರ್ಷಕ್ಕೊಮ್ಮೆ ಬೇಕಾಗುತ್ತದೆ.