ಸಿಟಿಸ್ಕೇಪ್: ಆ ‘ಸ್ಕೇಪ್’ನಲ್ಲಿ ನೋಟ ಎಲ್ಲಿದೆ?

ಎತ್ತರದ ಕಟ್ಟಡಗಳ ಸಾಲು, ರಾತ್ರಿಯ ದೀಪಗಳು, ಕೆಳಗೊಂದು ನದಿ. ಇಂಥ ಚಿತ್ರ ಕಂಡ ಕೂಡಲೇ ಅಡಿಯಲ್ಲಿ ‘ಸಿಟಿಸ್ಕೇಪ್’ ಅಂತ ಬರೆದುಬಿಡುತ್ತಾರೆ. ಮೊನ್ನೆ ಓದಿದ ಬರಹವೊಂದರಲ್ಲಿ ವಿವರಣೆಯೂ ಇತ್ತು: ‘ಸ್ಕೇಪ್ ಎಂದರೆ ನೋಟ, ಹಾಗಾಗಿ ಸಿಟಿಸ್ಕೇಪ್ ಎಂದರೆ ದೂರದಿಂದ ಕಾಣುವ ನಗರ.’ ಇದನ್ನು ಎಷ್ಟನೇ ಸಲ ಓದಿದೆನೋ ಲೆಕ್ಕವಿಲ್ಲ. ಈ ಸಲ ಸುಮ್ನೆ ಇರಲಾಗಲಿಲ್ಲ.

ಆಕಾಶಕ್ಕೆ ಎದುರಾಗಿ ಕಾಣುವ ಕಟ್ಟಡಗಳ ಅಂಚಿಗೆ ಸ್ಕೈಲೈನ್ ಎಂಬ ಬೇರೆ ಹೆಸರೇ ಇದೆ. ಸಿಟಿಸ್ಕೇಪಿನಲ್ಲಿ ಅದು ಇರಬಹುದು, ಇಲ್ಲದೆಯೂ ಇರಬಹುದು.

ಈಗ ಆ ‘ಸ್ಕೇಪ್’ ವಿಷಯಕ್ಕೆ ಬರೋಣ. ಇಂಗ್ಲಿಷಿಗೆ ‘ಲ್ಯಾಂಡ್‌ಸ್ಕೇಪ್’ ಬಂದದ್ದು 16ನೇ ಶತಮಾನದ ಕೊನೆಯಲ್ಲಿ, ಡಚ್ ಭಾಷೆಯಿಂದ, ಚಿತ್ರಕಾರರ ಮಾತಾಗಿ. ಡಚ್ಚಿನಲ್ಲಿ ಅದು ‘ಲಾಂಡ್‌ಸ್ಖಾಪ್’. ಮೊದಲ ಅರ್ಥ ಸೀಮೆ, ನಾಡು. ಅದರ ಚಿತ್ರ ಎಂಬ ಅರ್ಥ ಆಮೇಲೆ ಸೇರಿತು. ‘ಸ್ಖಾಪ್’ ಎಂಬ ತುಣುಕಿಗೂ ಕಣ್ಣಿಗೂ ನಂಟೇ ಇಲ್ಲ. ಇಂಗ್ಲಿಷಿನ ‘ಫ್ರೆಂಡ್‌ಶಿಪ್’ನಲ್ಲಿರುವ ‘ಶಿಪ್’ ಇದರ ಒಡಹುಟ್ಟು. ಕನ್ನಡದಲ್ಲಿ ಆ ಕೆಲಸ ಮಾಡುವುದು ‘ತನ’: ಗೆಳೆತನ, ಒಡೆತನ, ಹಿರಿತನ. ಹಾಗೆ ನೋಡಿದರೆ ಲಾಂಡ್‌ಸ್ಖಾಪ್ ಎಂದರೆ ನೆಲತನ! ಇಂಗ್ಲಿಷಿನವರು ಬಾಲವನ್ನಷ್ಟೇ ಕತ್ತರಿಸಿ ಮೊದಲು ಕಡಲಿಗೆ ಅಂಟಿಸಿ ‘ಸೀಸ್ಕೇಪ್’ ಮಾಡಿಕೊಂಡರು. 19ನೇ ಶತಮಾನದಲ್ಲಿ ನಗರಕ್ಕೂ ಅಂಟಿಸಿದರು. ಈಗ ಇಂಗ್ಲಿಷಿನಲ್ಲಿ ಅದಕ್ಕೆ ನೋಟ ಎಂಬ ಅರ್ಥ ಕೂಡಿಕೊಂಡಿದೆ, ಒಪ್ಪುತ್ತೇನೆ. ಆದರೆ ‘ದೂರದಿಂದ’ ಎಂಬುದು ಎಲ್ಲಿಂದ ಬಂತು?

ಕನ್ನಡದಲ್ಲಿ ‘ನಗರದೃಶ್ಯ’ ಎನ್ನುತ್ತೇವೆ. ಬಳಕೆಗೆ ಅಡ್ಡಿಯಿಲ್ಲ. ಆದರೆ ‘ದೃಶ್ಯ’ ಎಂದಾಗ ಪದ ಕಣ್ಣಿನಲ್ಲೇ ನಿಂತುಬಿಡುತ್ತದೆ. ನಾನು ಮನಸ್ಸಿನಲ್ಲಿ ‘ಊರುತನ’ ಅಂದುಕೊಳ್ಳುತ್ತೇನೆ. ಒಂದು ಜಾಗ ಆ ಜಾಗವೇ ಅನ್ನಿಸುವ ಗುಣ ಅದು.

ನೆದರ್‌ಲ್ಯಾಂಡ್ಸಿನ ಡೆಲ್ಫ್ಟ್ ಊರಿನ ಚಿತ್ರಕಾರ ವರ್ಮೀರ್ 1658ರ ಸುಮಾರಿಗೆ ಬರೆದ ‘ಪುಟ್ಟ ಬೀದಿ’ ಚಿತ್ರ ನೋಡಿ. ಇಟ್ಟಿಗೆಯ ಒಂದು ಮನೆ, ಪಕ್ಕದ ಓಣಿ, ಬಾಗಿಲಲ್ಲಿ ಹೊಲಿಗೆ ಹಿಡಿದು ಕೂತ ಹೆಂಗಸು, ನೆಲದಲ್ಲಿ ಮಕ್ಕಳು. ಚಿತ್ರದ ಎತ್ತರ ಸುಮಾರು 54 ಸೆಂಟಿಮೀಟರ್. ಇಡೀ ನಗರ ಎಲ್ಲೂ ಕಾಣುವುದಿಲ್ಲ. ಆದರೂ ನಗರವೊಂದರ ಬದುಕು ಪೂರ್ತಿ ಅಲ್ಲಿದೆ. ಆ ಮನೆ ಯಾವ ಬೀದಿಯದು ಎಂದು ಬಹಳ ಕಾಲ ಹುಡುಕಿದರು. 2015ರಲ್ಲಿ ಸಂಶೋಧಕರೊಬ್ಬರು 1667ರ ತೆರಿಗೆ ದಾಖಲೆ ಹಿಡಿದು ಒಂದು ವಿಳಾಸವನ್ನು ಮುಂದಿಟ್ಟರು. ವಿಳಾಸ ಗೊತ್ತಿಲ್ಲದಾಗಲೂ ನೋಡಿದವರಿಗೆ ಆ ಬೀದಿ ಪರಿಚಿತ ಅನ್ನಿಸುತ್ತಿತ್ತಲ್ವಾ?

‘ವೆದೂತ’ ಎಂಬ ಇಟಾಲಿಯನ್ ಪದವನ್ನೂ ಇದರ ಜೊತೆ ಕಲಸುತ್ತಾರೆ. ಅದು ನಿಜಕ್ಕೂ ‘ನೋಡಿದ್ದು’ ಎಂಬ ಅರ್ಥದ ಪದ. ಕಂಡ ಊರನ್ನು ವಿವರವಾಗಿ ಚಿತ್ರಿಸುವ ಬಗೆ. ಆ ಬಗೆಯ ದೊಡ್ಡ ಹೆಸರು ವೆನಿಸ್ಸಿನ ಚಿತ್ರಕಾರ ಕನಲೆತ್ತೊ. ಅವನೂ ಚಿತ್ರಕ್ಕೆ ಬೇಕಾದಂತೆ ಕಟ್ಟಡಗಳನ್ನು ಅತ್ತಿತ್ತ ಸರಿಸುತ್ತಿದ್ದ.

1897ರಲ್ಲಿ ಚಿತ್ರಕಾರ ಪಿಸಾರೊ ಪ್ಯಾರಿಸ್ಸಿನ ಹೋಟೆಲ್ ಕೋಣೆಯಲ್ಲಿ ಕೂತು, ಕೆಳಗಿನ ಮೊಂಮಾರ್ತ್ರ್ ಬೂಲ್ವಾರ್ ಎಂಬ ಅಗಲ ರಸ್ತೆಯ ಚಿತ್ರವನ್ನು ಮತ್ತೆ ಮತ್ತೆ ಬರೆದ. ಅದೇ ರಸ್ತೆ, ಅದೇ ಮನೆಗಳು. ಬದಲಾಗಿದ್ದು ಹವೆ, ಹೊತ್ತು, ಜನಸಂದಣಿ. ಇಡೀ ಸರಣಿಯಲ್ಲಿ ರಾತ್ರಿಯ ಚಿತ್ರ ಒಂದೇ ಒಂದು. ಸಿಟಿಸ್ಕೇಪ್ ಎಂದರೆ ಕಟ್ಟಡಗಳ ಪಟ್ಟಿಯಾಗಿದ್ದರೆ ಒಂದೇ ಚಿತ್ರ ಸಾಕಿತ್ತು.

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದದ್ದು ಅಮೆರಿಕದ ಚಿತ್ರಕಾರ ಹಾಪರ್ 1930ರಲ್ಲಿ ಬರೆದ ‘ಭಾನುವಾರದ ಮುಂಜಾನೆ’. ನ್ಯೂಯಾರ್ಕಿನ ಎರಡಂತಸ್ತಿನ ಅಂಗಡಿ ಸಾಲು, ಬೆಂಕಿ ಆರಿಸಲು ನೀರು ಕೊಡುವ ಒಂದು ಬೀದಿ ನಲ್ಲಿ, ಕ್ಷೌರದಂಗಡಿಯ ಪಟ್ಟೆ ಕಂಬ, ಉದ್ದುದ್ದ ನೆರಳು. ಜನರಿಲ್ಲ. ಅಂಗಡಿಗಳ ಮೇಲಿನ ಅಕ್ಷರಗಳನ್ನೂ ಓದಲಾಗುವುದಿಲ್ಲ. ಚಿತ್ರಕ್ಕೆ ಮೊದಲಿದ್ದ ಹೆಸರು ‘ಸೆವೆಂತ್ ಅವೆನ್ಯೂ ಅಂಗಡಿಗಳು’. ‘ಭಾನುವಾರ’ ಎಂಬುದನ್ನು ಆಮೇಲೆ ಬೇರೆ ಯಾರೋ ಸೇರಿಸಿದರು ಎಂದು ಹಾಪರ್ ಹೇಳಿದ್ದರು. ಹೆಸರಿನಿಂದ ಬೀದಿ ಹೋಯಿತು, ಚಿತ್ರದಿಂದ ಹೋಗಲಿಲ್ಲ.