ಆಗಸ್ಟ್ 15ಕ್ಕೆ ಏರಿಸೋದು, ಜನವರಿ 26ಕ್ಕೆ ಬಿಚ್ಚೋದು: ನಮ್ಮ ಶಾಲೆಯಲ್ಲಿ ಎರಡೂ ದಿನ ಒಂದೇ ಥರ, ತಪ್ಪಾ?

ಓದುಗರ ಪ್ರಶ್ನೆ: ಸ್ವಾತಂತ್ರ್ಯ ದಿನ ಬಾವುಟವನ್ನು ಕೆಳಗಿನಿಂದ ಮೇಲಕ್ಕೆ ಏರಿಸಬೇಕು, ಗಣರಾಜ್ಯೋತ್ಸವದ ದಿನ ಮೊದಲೇ ಮೇಲೆ ಕಟ್ಟಿಟ್ಟು ಬಿಚ್ಚಬೇಕು ಅಂತ ಪ್ರತಿ ವರ್ಷ ವಾಟ್ಸ್ಆ್ಯಪ್‌ನಲ್ಲಿ ಬರುತ್ತದೆ. ಮಂಡ್ಯ ತಾಲ್ಲೂಕಿನ ನಮ್ಮೂರ ಶಾಲೆಯಲ್ಲಿ ಎರಡೂ ದಿನ ಹೂವಿನ ದಳ ತುಂಬಿ, ಮೇಲೆ ಕಟ್ಟಿ, ಹಗ್ಗ ಎಳೆದು ಬಿಚ್ಚುತ್ತಾರೆ. ಇದು ಧ್ವಜಕ್ಕೆ ಅವಮಾನವೇ?

ಖಂಡಿತ ಅಲ್ಲ. ನಿಮ್ಮೂರ ಮೇಷ್ಟ್ರು ನಿಶ್ಚಿಂತೆಯಿಂದ ಇರಬಹುದು.

ವಾಟ್ಸ್ಆ್ಯಪ್‌ನಲ್ಲಿ ಬರುವುದು ದೆಹಲಿಯ ರೂಢಿ. ಆಗಸ್ಟ್ 15ರಂದು ಕೆಂಪುಕೋಟೆಯಲ್ಲಿ ಪ್ರಧಾನಿ ಬಾವುಟ ಏರಿಸುತ್ತಾರೆ, ಜನವರಿ 26ರಂದು ಕರ್ತವ್ಯ ಪಥದಲ್ಲಿ ರಾಷ್ಟ್ರಪತಿ ಮೇಲೆ ಕಟ್ಟಿಟ್ಟ ಬಾವುಟವನ್ನು ಬಿಚ್ಚುತ್ತಾರೆ. 1947ರಲ್ಲಿ ಹೊಸ ಬಾವುಟ ಏರಿತು, 1950ರ ಹೊತ್ತಿಗೆ ಅದು ಆಗಲೇ ಮೇಲಿತ್ತು ಅನ್ನುವ ವಿವರಣೆ ಕೇಳಲು ಸೊಗಸಾಗಿದೆ. ಆದರೆ ನೆಹರೂ ಕೆಂಪುಕೋಟೆಯ ಮೇಲೆ ಬಾವುಟ ಹಾರಿಸಿದ್ದು 1947ರ ಆಗಸ್ಟ್ 16ರಂದು, 15ರಂದಲ್ಲ. ರಾಜ್ಯಗಳಲ್ಲಿ ಆಗಸ್ಟ್ 15ರ ಧ್ವಜಾರೋಹಣ ರಾಜ್ಯಪಾಲರ ಕೈಯಿಂದ ಮುಖ್ಯಮಂತ್ರಿಗಳ ಕೈಗೆ ಬಂದದ್ದು 1974ರಲ್ಲಿ, ಅದೂ ತಮಿಳುನಾಡಿನ ಕರುಣಾನಿಧಿ ಪಟ್ಟು ಹಿಡಿದ ಮೇಲೆ. ಹೀಗೆ ಕಾಲಕಾಲಕ್ಕೆ ಬದಲಾಗುತ್ತಾ ಬಂದ ಪದ್ಧತಿಯನ್ನು ಹಿಡಿದುಕೊಂಡು ಹಳ್ಳಿ ಶಾಲೆಯ ಹೆಚ್‌ಎಂ ಮೇಲೆ ಹರಿಹಾಯುವುದು ಅನ್ಯಾಯ.

ನಿಯಮ ಇರುವುದು 2002ರ ಜನವರಿ 26ರಿಂದ ಜಾರಿಯಲ್ಲಿರುವ ಭಾರತದ ಧ್ವಜ ಸಂಹಿತೆಯಲ್ಲಿ. ಶಿಕ್ಷೆ ಇರುವುದು ರಾಷ್ಟ್ರೀಯ ಗೌರವಕ್ಕೆ ಅವಮಾನ ತಡೆ ಕಾಯ್ದೆ, 1971ರಲ್ಲಿ: 3 ವರ್ಷದವರೆಗೆ ಜೈಲು, ದಂಡ, ಇಲ್ಲವೇ ಎರಡೂ. ಬಾವುಟದೊಳಗೆ ಏನನ್ನೂ ತುಂಬಿ ಒಯ್ಯಬಾರದು ಅಂತ ಹೇಳುವಲ್ಲೇ, ವಿಶೇಷ ದಿನಗಳಲ್ಲಿ ಬಿಚ್ಚುವ ಮುನ್ನ ಹೂವಿನ ದಳ ಇಡಲು ಅಡ್ಡಿಯಿಲ್ಲ ಅಂತಲೂ ಹೇಳಿದೆ. ಅಲ್ಲಿ ಸ್ವಾತಂತ್ರ್ಯ ದಿನದ ಹೆಸರೂ ಇದೆ, ಗಣರಾಜ್ಯೋತ್ಸವದ ಹೆಸರೂ ಇದೆ. ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿತು.

ಹಾಗಾದರೆ ತಪ್ಪು ನಡೆಯುವುದೇ ಇಲ್ಲವೇ? ಬೇಕಾದಷ್ಟು ನಡೆಯುತ್ತದೆ, ಯಾರೂ ನೋಡದ ಕಡೆ. ಬಹುಪಾಲು ಹಗ್ಗದಲ್ಲೇ.

ಕಂಬದ ತುದಿಯ ರಾಟೆ ಮೇಲೆ ಹಾದು ಬರುವ ಹಗ್ಗಕ್ಕೆ ಎರಡು ಕಡೆ. ಒಂದು ಏರಿಸುವ ಹಗ್ಗ, ಇನ್ನೊಂದು ಇಳಿಸುವ ಹಗ್ಗ. 20 ಅಡಿ ಕಂಬಕ್ಕೆ 40 ಅಡಿ ಹಗ್ಗ ಸಾಕು ಅಂದುಕೊಂಡು ತಂದರೆ ಗಂಟು ಹಾಕಲು, ಕಂಬದ ಬುಡದ ಕೊಕ್ಕೆಗೆ ಸುತ್ತಲು ಸಾಲುವುದಿಲ್ಲ. ಐದಾರು ಅಡಿ ಹೆಚ್ಚಿಗೆ ಇರಲಿ. ಬಾವುಟದ ಪಟ್ಟಿಯೊಳಗೆ ಹೊಲಿದ ಹಗ್ಗದ ಒಂದು ತುದಿಯಲ್ಲಿ ಸಣ್ಣ ಮರದ ಗೂಟ ಇರುತ್ತದೆ. ಅದು ಕೇಸರಿ ಕಡೆ. ಏರಿಸುವ ಹಗ್ಗದ ಕುಣಿಕೆಗೆ ಆ ಗೂಟವನ್ನೇ ಸಿಕ್ಕಿಸಬೇಕು. ಗೂಟವಿಲ್ಲದ ಬಾವುಟಗಳೂ ಅಂಗಡಿಯಲ್ಲಿ ಸಿಗುತ್ತವೆ. ಬೆಳಗಿನ ಗಡಿಬಿಡಿಯಲ್ಲಿ ಹಸಿರು ಮೇಲಾಗಿ ಫೋಟೊ ಪತ್ರಿಕೆಯಲ್ಲಿ ಬರುವುದು ಹೆಚ್ಚಾಗಿ ಇಂಥವುಗಳಿಂದಲೇ. ಹಿಂದಿನ ಸಂಜೆಯೇ ಕೇಸರಿ ಕಡೆಯ ಹಗ್ಗದ ತುದಿಗೆ ಒಂದು ನೂಲು ಸುತ್ತಿಟ್ಟರೆ ಮುಗಿಯಿತು.

ಇನ್ನು ಮಡಿಸುವುದು. ಇಬ್ಬರು ನಾಲ್ಕು ಮೂಲೆ ಹಿಡಿಯಬೇಕು, ಬಟ್ಟೆ ನೆಲಕ್ಕೆ ತಾಗಬಾರದು. ಕೇಸರಿ, ಹಸಿರು ಎರಡನ್ನೂ ಬಿಳಿಯ ಕಡೆಗೆ ಮಡಚಿ ಉದ್ದ ಪಟ್ಟಿ ಮಾಡಿ. ಹಗ್ಗ ಇರುವ ಅಂಚನ್ನು ಬಿಟ್ಟು, ಹಾರುವ ತುದಿಯಿಂದ ಹಗ್ಗದ ಕಡೆಗೆ ಸೀರೆ ನೆರಿಗೆ ಹಿಡಿದಂತೆ ಹಿಡಿಯುತ್ತಾ ಬನ್ನಿ. ನೆರಿಗೆಯ ನಡುವೆ ಒಂದು ಹಿಡಿ ಬಿಡಿ ದಳ, ಅಷ್ಟೇ. ಇಡೀ ಸೇವಂತಿಗೆ ತುರುಕಿದರೆ ಕಟ್ಟು ಉಬ್ಬಿ ಗಂಟು ಬಿಗಿಯುತ್ತದೆ. ಇಳಿಸುವ ಹಗ್ಗಕ್ಕೆ ಸೇರುವ ಹಸಿರು ಕಡೆಯ ಹಗ್ಗವನ್ನು ಕಟ್ಟಿನ ಸುತ್ತ ಒಂದೇ ಒಂದು ಸುತ್ತು ತಂದು, ಅದರ ಮಡಿಕೆಯನ್ನು ಸುತ್ತಿನಡಿ ತೂರಿಸಿ, ಎಳೆದರೆ ಬಿಚ್ಚುವಂತೆ ಬಿಡಿ. ‘ಬಿಚ್ಚಿಹೋದೀತು’ ಅಂತ ಪಿಟಿ ಮೇಷ್ಟ್ರು ಮೂರು ಸುತ್ತು ಸುತ್ತಿದ ಬಾವುಟವೇ ಅತಿಥಿಗಳ ಮುಂದೆ ಬಿಚ್ಚದೆ ಮರ್ಯಾದೆ ತೆಗೆಯುವುದು. ಆಗಸ್ಟ್‌ನ ತುಂತುರು ಮಳೆಗೆ ನೆನೆದ ಖಾದಿ ಮತ್ತು ಹತ್ತಿ ಹಗ್ಗ ಎರಡೂ ಉಬ್ಬಿ ಇನ್ನಷ್ಟು ಹಿಡಿದುಕೊಳ್ಳುತ್ತವೆ. ಹಾಗಾಗಿ ಹಿಂದಿನ ರಾತ್ರಿಯೇ ಕಟ್ಟಿ ಮೇಲೇರಿಸಿ ಬಿಡಬೇಡಿ, ಕಾರ್ಯಕ್ರಮಕ್ಕೆ ಅರ್ಧ ಗಂಟೆ ಮುಂಚೆ ಏರಿಸಿ.

ಕಟ್ಟು ಮೇಲೆ ಹೋಗಿ ರಾಟೆಗೆ ತಾಗಿದ ಮೇಲೆ ಏರಿಸುವ ಹಗ್ಗವನ್ನು ಕೊಕ್ಕೆಗೆ ಬಿಗಿಯಾಗಿ ಸುತ್ತಬೇಕು. ಅತಿಥಿಯ ಕೈಗೆ ಕೊಡುವುದು ಇಳಿಸುವ ಹಗ್ಗ. ಈ ಎರಡರಲ್ಲಿ ಒಂದು ತಪ್ಪಿದರೂ ಕಥೆ ಕೆಡುತ್ತದೆ: ಕೊಕ್ಕೆಗೆ ಸುತ್ತದಿದ್ದರೆ ಬಾವುಟ ಬಿಚ್ಚದೆ ಕಟ್ಟಿನ ಸಮೇತ ಕೆಳಗಿಳಿಯುತ್ತದೆ, ಏರಿಸುವ ಹಗ್ಗವನ್ನೇ ಕೈಗೆ ಕೊಟ್ಟರೆ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರು ಎಷ್ಟು ಜಗ್ಗಿದರೂ ಏನೂ ಆಗುವುದಿಲ್ಲ. ಒಂದು ಸಲ ಗಟ್ಟಿಯಾಗಿ ಜಗ್ಗಬೇಕು, ನವಿರಾಗಿ ಎಳೆದರೆ ಮಡಿಕೆ ಅರ್ಧಕ್ಕೆ ನಿಲ್ಲುತ್ತದೆ. ಕೆಳಗಿನಿಂದ ಏರಿಸುವುದಾದರೆ ಈ ಯಾವ ತಾಪತ್ರಯವೂ ಇಲ್ಲ. ಬೇಗನೆ ಏರಿಸಬೇಕು, ನಿಧಾನವಾಗಿ ಇಳಿಸಬೇಕು ಅನ್ನುವುದೊಂದೇ ನಿಯಮ. ನಮ್ಮನ್ನು ಕೇಳಿದರೆ ಗಂಟು ಹಾಕಲು ಬರುವವರಿಲ್ಲದ ಶಾಲೆಯಲ್ಲಿ ಎರಡೂ ದಿನ ಕೆಳಗಿನಿಂದಲೇ ಏರಿಸುವುದು ವಾಸಿ.

ಹೊಸದಾಗಿ ಕಬ್ಬಿಣದ ಪೈಪು ನಿಲ್ಲಿಸುವವರು ಮೊದಲು ತಲೆ ಎತ್ತಿ ವಿದ್ಯುತ್ ತಂತಿ ನೋಡಿ. ಪೈಪು ವಾಲಿದರೆ ಎಷ್ಟು ದೂರ ಬೀಳುತ್ತದೋ ಅದಕ್ಕಿಂತ ಆಚೆ ತಂತಿ ಇರಬೇಕು. ಮಕ್ಕಳ ಕೈಯಲ್ಲಿ ಪೈಪು ಎತ್ತಿಸುವುದಂತೂ ಬೇಡವೇ ಬೇಡ.

ಕಂಬಕ್ಕೆ ಹಾರ ಹಾಕುವ ಅಭ್ಯಾಸ ನಮ್ಮ ಕಡೆ ಜಾಸ್ತಿ. ಭಕ್ತಿಯಿಂದಲೇ ಹಾಕುತ್ತಾರೆ, ಆದರೆ ಧ್ವಜ ಹಾರುವ ಕಂಬದ ಮೇಲೆ ಹೂವು, ಹಾರ, ಲಾಂಛನ ಏನೂ ಇರಬಾರದು ಅಂತ ಸಂಹಿತೆ ನೇರವಾಗಿ ಹೇಳಿದೆ. ರಂಗೋಲಿ ನೆಲದ ಮೇಲೆ ಎಷ್ಟು ಬೇಕಾದರೂ ಬಿಡಿ. ಅದೇ ಕಂಬದಲ್ಲಿ ಇನ್ನೊಂದು ಬಾವುಟವೂ ಕೂಡದು. ಪಕ್ಕದ ಕಂಬದ್ದು ರಾಷ್ಟ್ರಧ್ವಜಕ್ಕಿಂತ ಎತ್ತರಕ್ಕಾಗಲಿ ಅದರ ಸಮಕ್ಕಾಗಲಿ ಇರಬಾರದು. ನವೆಂಬರ್ 1ಕ್ಕೆ ಹಳದಿ-ಕೆಂಪು ಬಾವುಟ ಹಾರಿಸುವವರು ಇದಕ್ಕೆಂದೇ ತುಸು ಗಿಡ್ಡ ಕಂಬ ಇಟ್ಟುಕೊಳ್ಳುವುದು ಸರಿ.

ಮಂಡ್ಯ ತಾಲ್ಲೂಕಿನದೇ ಆದ ಕೆರಗೋಡಿನ ನೆನಪು ಇಲ್ಲಿ ಬರದೇ ಇರದು. 2024ರ ಜನವರಿಯಲ್ಲಿ ಅಲ್ಲಿ 108 ಅಡಿ ಕಂಬದ ಮೇಲೆ ಹನುಮಧ್ವಜ ಏರಿತು, ಅಧಿಕಾರಿಗಳು ಅದನ್ನು ಇಳಿಸಿ ರಾಷ್ಟ್ರಧ್ವಜ ಹಾರಿಸಿದರು, ಊರು ರಣರಂಗವಾಯಿತು. ಅನುಮತಿ ಕೊಟ್ಟಿದ್ದು ರಾಷ್ಟ್ರಧ್ವಜ, ಕನ್ನಡ ಬಾವುಟಕ್ಕೆ ಮಾತ್ರ ಅಂತ ಸರ್ಕಾರ ಹೇಳಿತು. ಎಲ್ಲ ಪಕ್ಷದವರೂ ಬಂದು ಮಾತಾಡಿ ಹೋದರು. ಯಾವ ಊರಲ್ಲೇ ಆಗಲಿ, ಕಂಬ ನೆಡುವ ಮುನ್ನ ಯಾವ ಬಾವುಟ, ಯಾವ ದಿನ, ಇಳಿಸುವವರು ಯಾರು ಅಂತ ಮೂರು ಸಾಲು ಪಂಚಾಯಿತಿ ನಡಾವಳಿ ಪುಸ್ತಕದಲ್ಲಿ ಬರೆಸಿ ಪಿಡಿಒ ಸಹಿ ಹಾಕಿಸಿಕೊಂಡರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಬಾವುಟದ ವಿಚಾರದಲ್ಲಿ ಮಂಡ್ಯ ಜಿಲ್ಲೆಗೆ ಉಳಿದವರಿಗಿಂತ ಒಂದು ಮಾತು ಹೆಚ್ಚಿಗೆ ಆಡುವ ಹಕ್ಕಿದೆ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ, ನಿಷೇಧಾಜ್ಞೆ ಇದ್ದರೂ ಮೈಸೂರು ಕಾಂಗ್ರೆಸ್‌ನ ಟಿ. ಸಿದ್ಧಲಿಂಗಯ್ಯನವರು ಕಾಂಗ್ರೆಸ್ ಬಾವುಟ ಏರಿಸಿ ಬಂಧನಕ್ಕೊಳಗಾದರು. ಆಗಿನ ಬಾವುಟದ ನಡುವೆ ಇದ್ದದ್ದು ಚರಕ, ಅಶೋಕ ಚಕ್ರವಲ್ಲ. ಅದೇ ತಿಂಗಳು ಗೌರಿಬಿದನೂರಿನ ವಿದುರಾಶ್ವತ್ಥದಲ್ಲಿ ಬಾವುಟಕ್ಕಾಗಿ ಸೇರಿದವರ ಮೇಲೆ ಗೋಲಿಬಾರ್ ಆಯಿತು. ಕೊನೆಗೆ ದಿವಾನ್ ಮಿರ್ಜಾ ಇಸ್ಮಾಯಿಲ್ ಮತ್ತು ಸರ್ದಾರ್ ಪಟೇಲರ ನಡುವೆ ಒಪ್ಪಂದವಾಗಿ, ಮೈಸೂರು ಸಂಸ್ಥಾನದ ಬಾವುಟದ ಜೊತೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಲು ಒಪ್ಪಿಗೆ ಸಿಕ್ಕಿತು. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ ಮೈಸೂರಲ್ಲಿ ಕೆಲಸ ಮುಗಿದಿರಲಿಲ್ಲ. ಜವಾಬ್ದಾರಿ ಸರ್ಕಾರಕ್ಕಾಗಿ ನಡೆದ ಮೈಸೂರು ಚಲೋ ಚಳವಳಿಯಲ್ಲಿ, 1947ರ ಸೆಪ್ಟೆಂಬರ್‌ನಲ್ಲಿ ಗುಂಡಿಗೆ ಬಲಿಯಾದ ವಿದ್ಯಾರ್ಥಿಯ ಹೆಸರೇ ಮೈಸೂರಿನ ರಾಮಸ್ವಾಮಿ ವೃತ್ತಕ್ಕಿರುವುದು. ಕೆ.ಸಿ. ರೆಡ್ಡಿ ಮುಖ್ಯಮಂತ್ರಿಯಾದದ್ದು ಅಕ್ಟೋಬರ್ ಕೊನೆಗೆ. ಆಗಸ್ಟ್ 15ರ ಭಾಷಣ ಬರೆಯುವ ಮಕ್ಕಳಿಗೆ ದೆಹಲಿಯ ಕಥೆಗಿಂತ ಇದನ್ನು ಮೊದಲು ಹೇಳಿಕೊಡಬೇಕು.

ಬಾವುಟ ಕೊಳ್ಳುವಾಗ ಅಳತೆ ನೋಡಿ: ಉದ್ದ-ಅಗಲ 3:2. ಶಾಲೆಯ ಕಂಬಕ್ಕೆ 900×600 ಅಥವಾ 1350×900 ಮಿ.ಮೀ. ಹೊಂದುತ್ತದೆ. ಚಕ್ರದಲ್ಲಿ 24 ಅರೆ, ಅಂದರೆ ಕಡ್ಡಿ, ಇವೆಯೇ ಎಣಿಸಿ, ಅಗ್ಗದವುಗಳಲ್ಲಿ ಚಕ್ರ ಮೊಟ್ಟೆಯಾಕಾರಕ್ಕೂ ತಿರುಗಿರುತ್ತದೆ. 2021ರ ಡಿಸೆಂಬರ್ ತಿದ್ದುಪಡಿಯಿಂದ ಪಾಲಿಯೆಸ್ಟರ್‌ಗೂ ಅನುಮತಿ ಇದೆ. ಆದರೂ ಹುಬ್ಬಳ್ಳಿ ಬೆಂಗೇರಿಯ ಖಾದಿ ಬಾವುಟ ನಮ್ಮ ರಾಜ್ಯದಲ್ಲೇ ತಯಾರಾಗುವಾಗ ಶಾಲೆಯೊಂದು ಅದನ್ನೇ ಕೊಳ್ಳಲಿ ಅನ್ನುವುದು ನಮ್ಮ ಪಕ್ಷಪಾತ. ಪ್ಲಾಸ್ಟಿಕ್ ಬಾವುಟ 2022ರ ಜುಲೈ 1ರಿಂದ ನಿಷೇಧ.

ಸಂಜೆ ಇಳಿಸಲೇಬೇಕೇ ಅಂತಲೂ ಹಲವರು ಕೇಳುತ್ತಾರೆ. 2022ರ ಜುಲೈ ತಿದ್ದುಪಡಿಯ ನಂತರ ಮನೆಯ ಮೇಲೆ, ಬಯಲಲ್ಲಿ ಹಗಲೂ ರಾತ್ರಿ ಹಾರಿಸಬಹುದು. ಹಾಗಂತ ಬಿಟ್ಟುಬಿಟ್ಟರೆ ಗಾಳಿಗೆ ಹಾರುವ ತುದಿಯ ಹೊಲಿಗೆ ಮೊದಲು ಬಿಚ್ಚುತ್ತದೆ, ಆಮೇಲೆ ಎಳೆ ಎಳೆಯಾಗಿ ಹರಿಯುತ್ತದೆ, ಹರಿದ ಬಾವುಟ ಹಾರಿಸುವುದು ತಪ್ಪೇ. ಲಾಡು ಹಂಚಿ ಎಲ್ಲರೂ ಮನೆಗೆ ಹೋದ ಮೇಲೆ ಇಳಿಸುವವರು ಯಾರು ಅಂತ ಬೆಳಿಗ್ಗೆಯೇ ಹೆಸರು ಹಿಡಿದು ಹೇಳಿಡಿ. ನೆನೆದಿದ್ದರೆ ನೆರಳಲ್ಲಿ ಒಣಗಿಸಿ ಮಡಿಸಿಡಿ. ಹರಿದು ಹಾಳಾದದ್ದನ್ನು ಕಸದ ಗಾಡಿಗೆ ಹಾಕದೆ, ಜನರಿಲ್ಲದ ಕಡೆ ಪೂರ್ತಿಯಾಗಿ ಸುಡಬೇಕು.