ಏಪ್ರಿಲ್ ರಜೆಗೆ ಮಸಾಯ್ ಮಾರಾ ಬೇಡ

ಆಫ್ರಿಕಾಕ್ಕೆ ಹೋಗಬೇಕೆಂದು ನಮ್ಮ ಪ್ರವಾಸ ಆಫೀಸಿಗೆ ಬರುವ ಬೆಂಗಳೂರಿನ ಕುಟುಂಬಗಳ ಕೈಯಲ್ಲಿ ಪಟ್ಟಿ ಮೊದಲೇ ಸಿದ್ಧವಾಗಿರುತ್ತದೆ: ಕೀನ್ಯಾದ ಸಫಾರಿ ಬಯಲು ಮಸಾಯ್ ಮಾರಾ, ವಿಕ್ಟೋರಿಯಾ ಜಲಪಾತ, ಕೇಪ್ ಟೌನ್, ಸಾಧ್ಯವಾದರೆ ಗೊರಿಲ್ಲಾ, ಕೊನೆಗೆ ಜಾಂಜಿಬಾರ್. "ಹತ್ತು ದಿನ ಸಿಗುತ್ತೆ ಮೇಡಂ, ಖರ್ಚಿನ ಯೋಚನೆ ಬೇಡ" ಅನ್ನುತ್ತಾರೆ. ಎಷ್ಟೇ ಖರ್ಚು ಮಾಡಿದರೂ ಆ ಪಟ್ಟಿ ಹತ್ತು ದಿನದಲ್ಲಿ ಮುಗಿಯುವಂಥದ್ದಲ್ಲ. ಆಫ್ರಿಕಾದ ವಿಸ್ತೀರ್ಣ ಸುಮಾರು 3 ಕೋಟಿ ಚದರ ಕಿಲೋಮೀಟರ್, ಅಂದರೆ ಭಾರತದ ಒಂಬತ್ತು ಪಟ್ಟು. ನೈರೋಬಿಯಿಂದ ಕೇಪ್ ಟೌನ್‌ಗೇ ಸುಮಾರು 4,000 ಕಿಲೋಮೀಟರ್. ಎಲ್ಲವನ್ನೂ ತುರುಕಿದರೆ ನೋಡುವುದು ವಿಮಾನ ನಿಲ್ದಾಣಗಳನ್ನೇ.

ಹಾಗಾಗಿ ನಾನು ಯಾವ ದೇಶ ಎಂದು ಕೇಳುವ ಮೊದಲು ಯಾವ ತಿಂಗಳು ಎಂದು ಕೇಳುತ್ತೇನೆ.

ಮಕ್ಕಳ ಬೇಸಿಗೆ ರಜೆ ಏಪ್ರಿಲ್, ಮೇ ತಿಂಗಳಲ್ಲಿ. ಕೀನ್ಯಾ, ಟಾಂಜಾನಿಯಾಗಳಲ್ಲಿ ಮಾರ್ಚ್‌ನಿಂದ ಮೇವರೆಗೆ ದೊಡ್ಡ ಮಳೆಗಾಲ. ಮಾರಾದ ಬಹುಭಾಗ ಎರೆಮಣ್ಣು. ಮಳೆ ಬಿದ್ದರೆ ಜೀಪಿನ ಚಕ್ರ ಹೂತುಹೋಗುತ್ತದೆ, ಹುಲ್ಲು ಎತ್ತರ ಬೆಳೆದು ಸಿಂಹ ಹತ್ತಿರವೇ ಮಲಗಿದ್ದರೂ ಕಾಣುವುದಿಲ್ಲ. ಕೆಲವು ಕ್ಯಾಂಪುಗಳು ಆಗ ಬಾಗಿಲನ್ನೇ ಹಾಕುತ್ತವೆ. ರಿಯಾಯಿತಿ ದರ ನೋಡಿ ಮರುಳಾಗಬೇಡಿ. ಬೇಸಿಗೆಯಲ್ಲಿ ಕಬಿನಿ ಹಿನ್ನೀರಿಗೆ ಆನೆಗಳು ಹಿಂಡುಹಿಂಡಾಗಿ ಇಳಿಯುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕಾಡು ಒಣಗಿದಾಗಲೇ ಪ್ರಾಣಿಗಳು ನೀರಿನ ಬಳಿ ಸೇರುವುದು. ಮಾರಾದಲ್ಲೂ ಲೆಕ್ಕ ಅದೇ, ತಿಂಗಳು ಮಾತ್ರ ಬೇರೆ.

ಮೇ ತಿಂಗಳಲ್ಲೇ ಹೋಗಬೇಕಾದರೆ ಖಂಡದ ದಕ್ಷಿಣಕ್ಕೆ ಹೋಗಿ. ಜಾಂಬೇಜಿ ನದಿ ತುಂಬಿ ವಿಕ್ಟೋರಿಯಾ ಜಲಪಾತ ಆಗ ಭೋರ್ಗರೆಯುತ್ತಿರುತ್ತದೆ. ಅದೇ ಜಲಪಾತದ ಜಾಂಬಿಯಾ ಬದಿಯಲ್ಲಿ ಅಕ್ಟೋಬರ್, ನವೆಂಬರ್‌ನಲ್ಲಿ ಬಹುಪಾಲು ಬರಿಯ ಬಂಡೆ. ಜೂನ್ ನಂತರ ಹೋಗುವವರಿಗೆ ಬೋಟ್ಸ್ವಾನಾದ ಒಕವಾಂಗೊ ನದೀಬಯಲು ಇನ್ನೂ ವಿಶೇಷ. ಅಂಗೋಲಾದ ಬೆಟ್ಟಗಳಲ್ಲಿ ಸುರಿದ ಮಳೆಯ ನೀರು ತಿಂಗಳುಗಟ್ಟಲೆ ನಿಧಾನವಾಗಿ ಹರಿದು, ಅಲ್ಲಿಯ ಒಣಗಾಲವಾದ ಜೂನ್‌ನಿಂದ ಆಗಸ್ಟ್‌ವರೆಗೆ ಆ ಬಯಲನ್ನು ತುಂಬುತ್ತದೆ. ಸುತ್ತ ಮರಳು, ನಡುವೆ ನೀರು, ನೀರಿನಲ್ಲಿ ಆನೆ. ದುಡ್ಡು ಕೂಡಿಟ್ಟು ಒಮ್ಮೆ ಮಾತ್ರ ಹೋಗುತ್ತೇವೆ ಅನ್ನುವವರಿಗೆ ನಾನು ಹೇಳುವುದು ಇದನ್ನೇ. ದಕ್ಷಿಣ ಆಫ್ರಿಕಾದಲ್ಲಂತೂ ಒಂದೇ ದೇಶದೊಳಗೆ ಎರಡು ಹವೆ: ಜುಲೈನಲ್ಲಿ ಕ್ರೂಗರ್ ಕಾಡು ಒಣಗಿ ಸಫಾರಿಗೆ ಹದವಾಗಿದ್ದರೆ, ಕೇಪ್ ಟೌನ್‌ನಲ್ಲಿ ಚಳಿ, ಮಳೆ.

ಟಾಂಜಾನಿಯಾದ ಸೆರೆಂಗೆಟಿಯಿಂದ ಬಂದ ವಿಲ್ಡಬೀಸ್ಟ್ ಎಂಬ ದೊಡ್ಡ ಹುಲ್ಲೆಗಳ ಹಿಂಡುಗಳು ಮಾರಾ ನದಿ ದಾಟುವುದು ಸಾಮಾನ್ಯವಾಗಿ ಜುಲೈನಿಂದ ಅಕ್ಟೋಬರ್‌ವರೆಗೆ. ದಸರಾ ರಜೆಯವರಿಗೆ ಅದರ ಕೊನೆಯ ಭಾಗ ಸಿಗಬಹುದು. ಆದರೆ ಯಾವ ದಿನ ದಾಟುತ್ತವೆ ಎಂದು ಯಾರೂ ಮಾತು ಕೊಡಲಾರರು, ಕೊಡುವವರನ್ನು ನಂಬಬೇಡಿ. ದಂಡೆಯವರೆಗೆ ಬಂದು ಗಂಟೆಗಟ್ಟಲೆ ನಿಂತು ವಾಪಸು ಹೋಗುವುದೂ ಉಂಟು.

ಇಲ್ಲಿಯೇ ಐಷಾರಾಮದ ಮಾತು ಬರುವುದು. ಬಾತ್‌ಟಬ್ ಇರುವ ಟೆಂಟ್‌ಗಿಂತ ಆ ಟೆಂಟ್ ಯಾವ ನೆಲದಲ್ಲಿದೆ ಎಂಬುದು ಮುಖ್ಯ. ಮಾರಾ ರಾಷ್ಟ್ರೀಯ ಮೀಸಲಿನೊಳಗೆ ಗಾಡಿ ದಾರಿ ಬಿಟ್ಟು ಇಳಿಯುವಂತಿಲ್ಲ, ರಾತ್ರಿ ಸಫಾರಿ ಇಲ್ಲ, ಒಂದು ಚೀತಾ ಕಂಡರೆ ಸುತ್ತ ಗಾಡಿಗಳ ಸಂತೆ. ಪಕ್ಕದಲ್ಲೇ ಇರುವ ನಬೋಯಿಶೊ, ಮಾರಾ ನಾರ್ತ್‌ನಂಥ ಕನ್ಸರ್ವೆನ್ಸಿಗಳು (ಖಾಸಗಿ ವನ್ಯಜೀವಿ ತಾಣಗಳು) ಅಲ್ಲಿಯ ಮಸಾಯ್ ಬುಡಕಟ್ಟಿನ ಕುಟುಂಬಗಳಿಂದ ಬಾಡಿಗೆಗೆ ಪಡೆದ ಭೂಮಿ. ಅಲ್ಲಿ ಗಾಡಿಗಳ ಸಂಖ್ಯೆಗೆ ಮಿತಿಯಿದೆ, ರಾತ್ರಿ ಸಫಾರಿಯೂ ಇದೆ, ಮಸಾಯ್ ಗೈಡ್ ಜೊತೆ ಕಾಲ್ನಡಿಗೆಯೂ ಇದೆ. ಬಾಡಿಗೆಯ ಹಣ ಆ ನೆಲದವರ ಕೈ ಸೇರುತ್ತದೆ. ನೀವು ಹೆಚ್ಚು ಕೊಡುವುದಾದರೆ ಇದಕ್ಕೆ ಕೊಡಿ, ಜೊತೆಗೆ ನಿಮ್ಮದೇ ಗಾಡಿಗೆ ಕೊಡಿ. ಹಂಚಿಕೊಂಡ ಗಾಡಿಯಲ್ಲಿ ನಿಮ್ಮ ಮಗಳು ಹಕ್ಕಿ ನೋಡಬೇಕೆಂದರೆ ಉಳಿದವರು ಸಿಂಹ ಹುಡುಕಲು ಅವಸರಪಡಿಸುತ್ತಾರೆ. ಒಂದೇ ಜಾಗದಲ್ಲಿ ಕನಿಷ್ಠ ಮೂರು ರಾತ್ರಿ ಇರಿ ಎಂದು ನಾನು ಹಟ ಹಿಡಿಯುತ್ತೇನೆ, ನಾಲ್ಕಾದರೆ ಇನ್ನೂ ಒಳ್ಳೆಯದು.

ಗೊರಿಲ್ಲಾ ಬೇಕೆಂದರೆ ಅದನ್ನೇ ಪ್ರವಾಸದ ನಡುಗಂಬ ಮಾಡಿಕೊಳ್ಳಿ. ರುವಾಂಡಾದಲ್ಲಿ ವಿದೇಶಿಯರಿಗೆ ಒಬ್ಬರ ಪರ್ಮಿಟ್‌ಗೆ 1,500 ಡಾಲರ್. ಒಂದು ಗೊರಿಲ್ಲಾ ಕುಟುಂಬವನ್ನು ನೋಡಲು ದಿನಕ್ಕೆ ಎಂಟೇ ಜನ, ಒಂದೇ ಗಂಟೆ. 15 ವರ್ಷ ತುಂಬದ ಮಕ್ಕಳಿಗೆ ಪ್ರವೇಶವೇ ಇಲ್ಲ. ಇದನ್ನು ತಿಳಿಯದೆ ವಿಮಾನದ ಟಿಕೆಟ್ ಮಾಡಿಸಿಕೊಂಡು ಬಂದವರಿಗೆ ಸಮಾಧಾನ ಹೇಳುವುದು ಬಹಳ ಕಷ್ಟ.

ಲಗೇಜಿನದು ಬೇರೆಯೇ ಪಾಠ. ಕ್ಯಾಂಪಿಗೆ ಒಯ್ಯುವ ಪುಟ್ಟ ವಿಮಾನಗಳಲ್ಲಿ ಸಾಮಾನ್ಯವಾಗಿ ತಲಾ 15ರಿಂದ 20 ಕೆ.ಜಿ. ಮಾತ್ರ, ಅದೂ ಮೆತ್ತನೆಯ ಚೀಲದಲ್ಲಿ. ಚಕ್ರದ ಗಟ್ಟಿ ಸೂಟ್‌ಕೇಸ್ ಬೇಡ. ಚಟ್ನಿಪುಡಿ, ತೊಕ್ಕು ಒಯ್ಯುವವರು ಡಬ್ಬಿಗೆ ಹಾಕಿ, ಹೊರಗೆ ಬಟ್ಟೆಚೀಲ ಬಳಸಿ. ಕೀನ್ಯಾದಲ್ಲಿ 2017ರಿಂದ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ನಿಷೇಧ. ಸಸ್ಯಾಹಾರಿಗಳು ಭಯಪಡಬೇಕಿಲ್ಲ. ಚಪಾತಿ ಕೀನ್ಯಾದವರಿಗೂ ಪರಿಚಿತ ಊಟವೇ. ಈರುಳ್ಳಿ, ಬೆಳ್ಳುಳ್ಳಿ ಬೇಡವೆಂದರೆ ಬುಕಿಂಗ್ ಸಮಯದಲ್ಲೇ ಬರೆದು ತಿಳಿಸಿ. ಗಾಢ ನೀಲಿ, ಕಪ್ಪು ಬಟ್ಟೆಗೆ ಕಚ್ಚುವ ಸೆಟ್ಸೆ ನೊಣ ಮುತ್ತುತ್ತದೆ, ಖಾಕಿ ಬಣ್ಣದ್ದು ಇಟ್ಟುಕೊಳ್ಳಿ.

ಕೀನ್ಯಾ, ಉಗಾಂಡಾದಂಥ ದೇಶಗಳಿಂದ ವಾಪಸಾಗುವಾಗ ಹಳದಿ ಜ್ವರದ ಲಸಿಕೆ ಪತ್ರ ಇಲ್ಲದಿದ್ದರೆ ನಮ್ಮ ದೇಶದಲ್ಲೇ ಆರು ದಿನದವರೆಗೆ ಕ್ವಾರಂಟೈನ್ ಮಾಡಬಹುದು. ಲಸಿಕೆ ಹಾಕಿಸಿಕೊಂಡ ಹತ್ತು ದಿನಗಳ ನಂತರವೇ ಪತ್ರಕ್ಕೆ ಮಾನ್ಯತೆ, ಆಮೇಲೆ ಜೀವಮಾನವಿಡೀ ನಡೆಯುತ್ತದೆ. ಸರ್ಕಾರ ಒಪ್ಪಿದ ಕೇಂದ್ರಗಳಲ್ಲಿ ಮಾತ್ರ ಇದು ಸಿಗುವುದು. 60 ದಾಟಿದ ಅಪ್ಪ ಅಮ್ಮ ಜೊತೆಗಿದ್ದರೆ ಈ ಲಸಿಕೆ ಅವರಿಗೆ ಆಗುತ್ತದೆಯೇ ಎಂದು ನಿಮ್ಮ ಡಾಕ್ಟರನ್ನು ಕೇಳಿ. ಆಗದು ಎಂದರೆ ದಕ್ಷಿಣ ಆಫ್ರಿಕಾದ ಮಡಿಕ್ವೆ ಕಾಡಿನ ಸುತ್ತ ಪ್ರವಾಸ ಹೆಣೆಯಬಹುದು. ಅಲ್ಲಿ ಮಲೇರಿಯಾ ಭಯವೂ ಇಲ್ಲ. ಡಾಕ್ಟರ ಉತ್ತರ ಬರುವವರೆಗೆ ಟಿಕೆಟ್‌ಗೆ ದುಡ್ಡು ಕಟ್ಟಬೇಡಿ.